ಸಹಾಯಧನ ಯಾರ ಹೆಸರಿಗೆ? — ಪಾಯಿನ್ಸೆಟ್ ಕೌಂಟಿಯ ಒಂದು ಅಧ್ಯಯನ

(ಅಂತಿಮ ಬಿ.ಎ. ತರಗತಿಯ ಅರ್ಥಶಾಸ್ತ್ರ ವಿದ್ಯಾರ್ಥಿಯ ಲೇಖನ)

ಒಕ್ಕಲುತನಕ್ಕೆ ಸರಕಾರವು ಹಣ ಕೊಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಮೇಲಿಂದ ಮೇಲೆ ನಡೆಯುತ್ತದೆ. ಅದರಿಂದ ಮಾರುಕಟ್ಟೆ ಕೆಡುತ್ತದೆಂದು ಒಂದು ಪಕ್ಷದವರು ವಾದಿಸುವರು. ಅದಿಲ್ಲದಿದ್ದರೆ ರೈತ ಉಳಿಯಲಾರನೆಂದು ಇನ್ನೊಂದು ಪಕ್ಷದವರು ವಾದಿಸುವರು. ‘ರೈತ’ ಎಂದರೆ ಯಾರು ಎಂಬುದನ್ನು ಮಾತ್ರ ಉಭಯ ಪಕ್ಷದವರೂ ಹೇಳುವುದಿಲ್ಲ. ಖಜಾನೆಯಿಂದ ಹೊರಟ ಹಣವು ಕೊನೆಗೆ ಯಾರ ಕೈ ಸೇರಿತು, ಯಾರ ಹೆಸರು ನೋಡಿ ಅದನ್ನು ಕೊಟ್ಟರು, ಆ ಹೆಸರು ಬರೆದವರು ಯಾರು ಎಂದು ಕೇಳಿದರೆ ಚರ್ಚೆಯ ಬಣ್ಣವೇ ಬೇರೆಯಾಗುತ್ತದೆ. ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಅಮೇರಿಕೆಯ ಒಂದು ಕೌಂಟಿಯ ಇತಿಹಾಸವನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಒಕ್ಕಲುತನಕ್ಕೆ ಸರಕಾರವೇ ನೇರವಾಗಿ ಹಣ ಕೊಡುವ ಪದ್ಧತಿ ಅಲ್ಲಿ ತೊಂಬತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವುದರಿಂದ ಅದರ ಗುಣದೋಷಗಳು ಅಲ್ಲಿ ಚೆನ್ನಾಗಿ ಕಾಣಸಿಗುತ್ತವೆ.

ಕೌಂಟಿ ಎಂದರೆ ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವಿನ ಒಂದು ಘಟಕವೆನ್ನಬಹುದು. ಅಮೇರಿಕೆಯಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು. ನಾನು ಆರಿಸಿಕೊಂಡ ಪಾಯಿನ್ಸೆಟ್ ಕೌಂಟಿಯು ಆರ್ಕನ್ಸಾ ರಾಜ್ಯದ ಈಶಾನ್ಯ ಭಾಗದಲ್ಲಿ, ಮಿಸಿಸಿಪಿ ನದಿಯ ಬಯಲಿನಲ್ಲಿದೆ. ಡಿಸೆಂಬರ್ ತಿಂಗಳಲ್ಲಿ ನಮ್ಮ ತೋಟಗಳಲ್ಲಿ ಕೆಂಪೇರುವ ಪಾಯಿನ್ಸೆಟಿಯಾ ಗಿಡಕ್ಕೂ ಈ ಕೌಂಟಿಗೂ ಒಬ್ಬನೇ ಮನುಷ್ಯನ ಹೆಸರು, ಜೋಯೆಲ್ ಪಾಯಿನ್ಸೆಟ್ ಎಂಬ ರಾಜಕಾರಣಿಯದು. ಈಗ ಅಲ್ಲಿ ಬತ್ತ, ಸೋಯಾ ಹೆಚ್ಚು. ಅಮೇರಿಕೆಯ ಬತ್ತದಲ್ಲಿ ಅರ್ಧದಷ್ಟನ್ನು ಆರ್ಕನ್ಸಾ ಒಂದೇ ರಾಜ್ಯ ಬೆಳೆಯುತ್ತದೆ. ಆದರೆ ನಮ್ಮ ಕಥೆ ಶುರುವಾಗುವ ಕಾಲಕ್ಕೆ ಅಲ್ಲಿ ಹತ್ತಿಯೇ ಸರ್ವಸ್ವ. ಅಮೇರಿಕೆಯ ಹತ್ತಿಗೂ ನಮ್ಮ ಧಾರವಾಡ ಸೀಮೆಗೂ ಹಳೆಯ ನಂಟುಂಟು. 1840ರ ದಶಕದಲ್ಲಿ ಕಂಪನಿ ಸರಕಾರವು ಅಲ್ಲಿಯ ಬೀಜ ತರಿಸಿ ನಮ್ಮ ಎರೆ ಹೊಲಗಳಲ್ಲಿ ಬಿತ್ತಿಸಿತ್ತು. ‘ಧಾರವಾಡ–ಅಮೇರಿಕನ್’ ಎಂಬ ಹತ್ತಿಯ ಹೆಸರು ಆಗ ಹುಟ್ಟಿದ್ದು.

1929ರಲ್ಲಿ ಪೌಂಡಿಗೆ ಹದಿನಾರು ಸೆಂಟಿನ ಆಸುಪಾಸಿನಲ್ಲಿದ್ದ ಹತ್ತಿಯ ಧಾರಣೆ 1931ರ ಹೊತ್ತಿಗೆ ಆರು ಸೆಂಟಿಗೆ ಕುಸಿಯಿತು. ಹತ್ತಿ ಬಿಡಿಸಿದ ಕೂಲಿಯೂ ಹುಟ್ಟದ ಸ್ಥಿತಿ. ಅಧ್ಯಕ್ಷ ರೂಸ್‌ವೆಲ್ಟರು 1933ರ ಮೇ 12ರಂದು ಕೃಷಿ ಹೊಂದಾಣಿಕೆ ಕಾಯಿದೆಗೆ ಸಹಿ ಹಾಕಿದರು. ಅದರ ತರ್ಕ ಸರಳವಾದದ್ದು: ಮಾಲು ಹೆಚ್ಚಾದ್ದರಿಂದ ಬೆಲೆ ಇಳಿದಿದೆ, ಆದ್ದರಿಂದ ಕಡಿಮೆ ಬೆಳೆಯಿರಿ, ಬೆಳೆಯದೆ ಬಿಟ್ಟಿದ್ದಕ್ಕೆ ಸರಕಾರ ಹಣ ಕೊಡುತ್ತದೆ. ಆದರೆ ಕಾಯಿದೆ ಬರುವ ಹೊತ್ತಿಗೆ ಹತ್ತಿ ಮೊಳಕೆಯೊಡೆದು ನಿಂತಿತ್ತು. ಆ ಬೇಸಿಗೆಯಲ್ಲಿ ಒಂದು ಕೋಟಿ ಎಕರೆಗೂ ಮೇಲ್ಪಟ್ಟ ಬೆಳೆದ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಿದರು. ಗಿಡ ತುಳಿಯದೆ ಸಾಲಿನ ನಡುವೆ ನಡೆಯುವಂತೆ ಜನ್ಮವೆಲ್ಲ ಕಲಿತಿದ್ದ ಹೇಸರಗತ್ತೆಗಳು ಗಿಡಗಳ ಮೇಲೆ ಕಾಲಿಡಲು ಒಪ್ಪಲಿಲ್ಲವೆಂಬ ಮಾತು ಆ ಸೀಮೆಯಲ್ಲಿ ಪ್ರಸಿದ್ಧ. ಎತ್ತು ಕಟ್ಟಿ ಎಡೆ ಹೊಡೆದವರಿಗೆ ಆ ಪ್ರಾಣಿಗಳ ಸಂಕಟ ಅರ್ಥವಾದೀತು!

ಇಷ್ಟು ಪೀಠಿಕೆ. ಇನ್ನು ಲೆಕ್ಕಕ್ಕೆ ಬರೋಣ, ಏಕೆಂದರೆ ಇಡೀ ವಿಷಯದ ಜೀವವು ಲೆಕ್ಕದಲ್ಲಿದೆ.

1930ರಲ್ಲಿ ಆರ್ಕನ್ಸಾದ ಒಕ್ಕಲಿಗರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿಗೆ ಸ್ವಂತ ನೆಲವಿರಲಿಲ್ಲ. ಅವರಲ್ಲಿ ತೀರ ಕೆಳಗಿನವರು ಪಾಲುಗಾರರು. ಗುಡಿಸಲು, ಹೇಸರಗತ್ತೆ, ಬೀಜ ಎಲ್ಲವೂ ಒಡೆಯನದು; ದುಡಿಮೆ ಪಾಲುಗಾರನದು; ಬಂದ ಹತ್ತಿಯಲ್ಲಿ ಅರ್ಧರ್ಧ. ವರ್ಷವಿಡೀ ಒಡೆಯನ ಅಂಗಡಿಯಲ್ಲಿ ಉದ್ರಿ ತಂದು ಉಣ್ಣುವುದು, ಸುಗ್ಗಿಯ ಕೊನೆಗೆ ಒಡೆಯನೇ ಬರೆದ ಪುಸ್ತಕದ ಮೇಲೆ ಲೆಕ್ಕ ಹರಿಸಿಕೊಳ್ಳುವುದು. ಕರಿಯರೂ ಬಿಳಿಯರೂ ಇಬ್ಬರೂ ಈ ಸಾಲಿನಲ್ಲಿದ್ದರು.

1934–35ರ ಹತ್ತಿಯ ಒಪ್ಪಂದದ ಪ್ರಕಾರ ಎರಡು ಬಗೆಯ ಹಣವಿತ್ತು. ಬಿತ್ತದೆ ಬಿಟ್ಟ ನೆಲಕ್ಕೆ, ಅಲ್ಲಿ ಬರಬಹುದಾಗಿದ್ದ ಹತ್ತಿಯ ಪೌಂಡಿಗೆ 3.5 ಸೆಂಟಿನಂತೆ ಬಾಡಿಗೆ, ಇದು ಒಡೆಯನಿಗೆ. ಅದರ ಮೇಲೆ ಪೌಂಡಿಗೆ 1 ಸೆಂಟಿನ ಸಮತೋಲನ ಧನ. ಇದನ್ನು ಬೆಳೆಯ ಪಾಲಿನಂತೆ ಹಂಚಬೇಕು. ಅರ್ಧದ ಪಾಲುಗಾರನಿಗೆ ಬಂದದ್ದು ಅರ್ಧ ಸೆಂಟು. ಒಡೆಯನಿಗೆ ಒಟ್ಟು ನಾಲ್ಕು ಸೆಂಟು.

ಒಬ್ಬ ಪಾಲುಗಾರನ ಕೈಯಲ್ಲಿದ್ದ ಹೊಲದಲ್ಲಿ ಹತ್ತು ಎಕರೆ ಬಿಟ್ಟರೆಂದು ಇಟ್ಟುಕೊಳ್ಳೋಣ. ಎಕರೆಗೆ ಇನ್ನೂರು ಪೌಂಡಿನಂತೆ ಎರಡು ಸಾವಿರ ಪೌಂಡು. ಒಡೆಯನಿಗೆ 80 ಡಾಲರು, ಪಾಲುಗಾರನಿಗೆ 10 ಡಾಲರು. ಅದೇ ಹತ್ತು ಎಕರೆ ಬಿತ್ತಿದ್ದರೆ ಅವನ ಪಾಲಿಗೆ ಒಂದು ಸಾವಿರ ಪೌಂಡು ಹತ್ತಿ ಬರುತ್ತಿತ್ತು. ಹತ್ತು ಸೆಂಟಿನ ಧಾರಣೆಯಲ್ಲಿ ಅದು 100 ಡಾಲರು. ಉಳಿದ ನೆಲದ ಹತ್ತಿಗೆ ಬೆಲೆ ಏರಿದ್ದು ನಿಜ, ಅದರಲ್ಲಿ ಅವನಿಗೂ ಪಾಲಿತ್ತು. ಆದರೆ ಆ ಉಳಿದ ನೆಲ ಅವನ ಕೈಯಲ್ಲಿ ಉಳಿದರಷ್ಟೆ! ನೆಲ ಕಡಿಮೆಯಾದ ಮೇಲೆ ಅಷ್ಟು ಜನ ಪಾಲುಗಾರರು ಏತಕ್ಕೆ ಬೇಕು? ಅವನನ್ನು ಬಿಡಿಸಿ, ಅದೇ ಹೊಲವನ್ನು ದಿನಗೂಲಿಯಿಂದ ಮಾಡಿಸಿದರೆ ಅವನ ಅರ್ಧ ಸೆಂಟೂ ಒಡೆಯನದೇ ಆಗುತ್ತದೆ, ಬೆಳೆಯೂ ಪೂರ್ತಿ ಒಡೆಯನದೇ. ಬಡವರಿಗೆಂದು ಹೊರಟ ಕಾಯಿದೆಯು ಬಡವನನ್ನು ಹೊರಹಾಕಿದರೆ ಲಾಭವೆಂದು ಲೆಕ್ಕ ಹೇಳಿಕೊಟ್ಟಂತಾಯಿತು.

ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ಒಪ್ಪಂದದ ಏಳನೆಯ ಕಲಮು, ಒಡೆಯನು ಸಾಧ್ಯವಾದ ಮಟ್ಟಿಗೆ ಎಂದಿನಷ್ಟೇ ಒಕ್ಕಲುಗಳನ್ನು ಇಟ್ಟುಕೊಳ್ಳಬೇಕೆಂದು ಹೇಳುತ್ತಿತ್ತು. ‘ಸಾಧ್ಯವಾದ ಮಟ್ಟಿಗೆ’! ಸಾಧ್ಯವೋ ಅಸಾಧ್ಯವೋ ಎಂದು ತೀರ್ಮಾನಿಸುವವನು ಯಾರು? ಒಡೆಯನೇ. ದೂರು ಕೊಡಬೇಕಾದರೆ ಕೌಂಟಿಯ ಸಮಿತಿಗೆ. ಆ ಸಮಿತಿಯಲ್ಲಿ ಕುಳಿತವರೂ ಅವನಂಥ ಒಡೆಯರೇ. ಒಪ್ಪಂದಕ್ಕೆ ಸಹಿ ಹಾಕಿದವರು ಸರಕಾರ ಮತ್ತು ಹೊಲದೊಡೆಯ. ಪಾಲುಗಾರನು ಆ ಕಾಗದದಲ್ಲಿ ಪಕ್ಷಗಾರನೇ ಅಲ್ಲ.

ಪಾಯಿನ್ಸೆಟ್ ಕೌಂಟಿಯ ಟೈರೊಂಜ ಎಂಬ ಸಣ್ಣ ಊರಿನ ಬಳಿ ಒಂದು ದೊಡ್ಡ ತೋಟದಿಂದ ಪಾಲುಗಾರ ಕುಟುಂಬಗಳನ್ನು ಹೀಗೆ ಎಬ್ಬಿಸಿದರು. 1934ರ ಜುಲೈ ತಿಂಗಳಲ್ಲಿ ಅಲ್ಲಿಯ ಒಂದು ಶಾಲಾಕಟ್ಟಡದಲ್ಲಿ ಹದಿನೆಂಟು ಜನ ಸೇರಿದರು. ಬಿಳಿಯರು ಹನ್ನೊಂದು, ಕರಿಯರು ಏಳು. ಊರಲ್ಲಿ ಬಟ್ಟೆ ಶುಭ್ರಮಾಡುವ ಅಂಗಡಿ ಇಟ್ಟಿದ್ದ ಎಚ್. ಎಲ್. ಮಿಚೆಲ್, ಪೆಟ್ರೋಲ್ ಬಂಕು ನಡೆಸುತ್ತಿದ್ದ ಕ್ಲೇ ಈಸ್ಟ್ ಎಂಬಿಬ್ಬರು ಅವರ ಬೆನ್ನಿಗಿದ್ದರು. ಎರಡು ಸಂಘಗಳೋ ಒಂದೇ ಸಂಘವೋ ಎಂಬುದು ಅಂದಿನ ಮೊದಲ ಪ್ರಶ್ನೆ. ಆರ್ಕನ್ಸಾದ ಇನ್ನೊಂದು ಕಡೆ, ಎಲೇನ್ ಎಂಬಲ್ಲಿ, 1919ರಲ್ಲಿ ಕರಿಯ ಒಕ್ಕಲುಗಳು ಕಟ್ಟಿದ ಸಂಘವನ್ನು ರಕ್ತದಲ್ಲಿ ಮುಳುಗಿಸಿದ್ದರು. ಅದನ್ನು ಕಂಡಿದ್ದ ಐಸಾಕ್ ಶಾ ಎಂಬ ವೃದ್ಧರು ಒಂದೇ ಸಂಘವಿರಲೆಂದು ವಾದಿಸಿದರು. ಹಾಗೆಯೇ ಆಯಿತು. ಬಣ್ಣಭೇದವು ಕಾನೂನೇ ಆಗಿದ್ದ ಆ ದಕ್ಷಿಣದಲ್ಲಿ ಇಬ್ಬರೂ ಕೂಡಿ ಕಟ್ಟಿದ ‘ದಕ್ಷಿಣದ ಗೇಣಿ ಒಕ್ಕಲಿಗರ ಸಂಘ’ ಅದು. ಸಭೆಗಳ ಮೇಲೆ ದಾಳಿಗಳಾದವು, ಸದಸ್ಯರಿಗೆ ಸೆರೆಮನೆ, ಹೊಡೆತ, ರಾತ್ರಿ ಮನೆಗಳ ಮೇಲೆ ಗುಂಡು. ಆದರೂ 1935ರ ಹತ್ತಿ ಬಿಡಿಸುವ ಕಾಲದಲ್ಲಿ ಮುಷ್ಕರ ಹೂಡಿ ಕೂಲಿ ಏರಿಸಿಕೊಂಡರು. ಮಿಚೆಲ್ ಮತ್ತು ಈಸ್ಟರ ಅಂಗಡಿಗಳಿದ್ದ ಕಟ್ಟಡವನ್ನು ಈಗ ಆರ್ಕನ್ಸಾ ರಾಜ್ಯ ವಿಶ್ವವಿದ್ಯಾಲಯವು ವಸ್ತುಸಂಗ್ರಹಾಲಯವಾಗಿ ನಡೆಸುತ್ತಿದೆ.

ಇವರ ಕೂಗು ರಾಜಧಾನಿಗೆ ಮುಟ್ಟಿತು. ಕೃಷಿ ಹೊಂದಾಣಿಕೆ ಇಲಾಖೆಯ ಕಾನೂನು ವಿಭಾಗದಲ್ಲಿ ಜೆರೋಮ್ ಫ್ರಾಂಕ್ ಮೊದಲಾದ ತರುಣ ವಕೀಲರಿದ್ದರು. ಏಳನೆಯ ಕಲಮಿನ ಅರ್ಥ ‘ಅಷ್ಟೇ ಸಂಖ್ಯೆಯ ಒಕ್ಕಲು’ ಎಂದಲ್ಲ, ‘ಅವೇ ಒಕ್ಕಲು’ ಎಂದು ಅವರು ಅಭಿಪ್ರಾಯ ಬರೆದರು. ಒಂದು ಶಬ್ದದ ವ್ಯಾಖ್ಯಾನ! ಅದರ ಫಲವಾಗಿ 1935ರ ಫೆಬ್ರುವರಿಯಲ್ಲಿ ಫ್ರಾಂಕ್ ಮತ್ತು ಅವರ ಕೆಲವು ಸಂಗಡಿಗರು ಕೆಲಸ ಕಳೆದುಕೊಂಡರು. ಮಂತ್ರಿ ವ್ಯಾಲೇಸರು ವಕೀಲರ ಪಕ್ಷ ವಹಿಸಲಿಲ್ಲ. ಹತ್ತಿಯ ಸೀಮೆಯ ಶಾಸನಸಭಾ ಸದಸ್ಯರನ್ನು ಎದುರು ಹಾಕಿಕೊಂಡರೆ ಕಾರ್ಯಕ್ರಮವೇ ಬಿದ್ದೀತೆಂಬ ಭಯ ಅವರಿಗೆ. ಈ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ; ಆದರೆ ಅದರ ಬೆಲೆ ತೆತ್ತವರು ಪಾಲುಗಾರರು.

1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲ ಕಾಯಿದೆಯನ್ನು ರದ್ದು ಮಾಡಿತು. 1938ರಲ್ಲಿ ಹೊಸದು ಬಂತು. ಈ ನಡುವೆ ಪಾಲುಗಾರನ ಪಾಲನ್ನು ಹೆಚ್ಚಿಸುವ ನಿಯಮಗಳಾದವು. ಇಲ್ಲಿಗೆ ನ್ಯಾಯ ದೊರೆಯಿತೆಂದು ಯಾರಿಗಾದರೂ ಅನ್ನಿಸೀತು. ಆದದ್ದೇ ಬೇರೆ. ಪಾಲು ಹೆಚ್ಚಾದಷ್ಟೂ ಪಾಲುಗಾರನನ್ನು ಬಿಡಿಸಿದರೆ ಉಳಿಯುವ ಹಣವೂ ಹೆಚ್ಚು. 1939ರ ಜನವರಿಯ ಚಳಿಯಲ್ಲಿ, ಆರ್ಕನ್ಸಾದ ನೆರೆಯ ಮಿಸೌರಿ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಹೀಗೆ ಹೊರಬಿದ್ದ ಸಾವಿರಕ್ಕೂ ಮಿಕ್ಕ ಜನ ಒಲೆ, ಹಾಸಿಗೆ, ಕೋಳಿ, ಮಕ್ಕಳ ಸಮೇತ ಹೆದ್ದಾರಿಗಳ ಬದಿಯಲ್ಲಿ ಸಾಲಾಗಿ ಬಂದು ಕುಳಿತರು. ಓವೆನ್ ವ್ಹಿಟ್‌ಫೀಲ್ಡ್ ಎಂಬ ಕರಿಯ ಪಾದ್ರಿ, ಸ್ವತಃ ಪಾಲುಗಾರ, ಅವರ ಮುಂದಾಳು. ಮಾತಿನ ಪ್ರತಿಭಟನೆಯಲ್ಲ, ಕೇವಲ ಎಲ್ಲರ ಕಣ್ಣಿಗೆ ಬೀಳುವಂತೆ ಕುಳಿತದ್ದು. ಕಾಗದದ ಮೇಲೆ ಪಾಲು ಬರೆದು, ಆ ಪಾಲುಗಾರನನ್ನು ಅಲ್ಲಿ ನಿಲ್ಲಿಸುವ ಬಲವನ್ನು ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ.

ಮುಂದಿನ ದಶಕಗಳನ್ನು ಬೇಗ ದಾಟಬಹುದು. ಹತ್ತಿ ಬಿಡಿಸುವ ಯಂತ್ರ ಬಂತು. ಪಾಲುಗಾರರೆಂಬ ವರ್ಗವೇ ಇಲ್ಲವಾಯಿತು. ಜನ ಉತ್ತರದ ಕಾರಖಾನೆಗಳತ್ತ ಹೋದರು. ಕೌಂಟಿ ಸಮಿತಿಗಳು ಮಾತ್ರ ಉಳಿದವು. ಒಕ್ಕಲಿಗರೇ ಮತ ಹಾಕಿ ಒಕ್ಕಲಿಗರನ್ನೇ ಆರಿಸುವ ಈ ಸಮಿತಿ, ನೋಡಲು ಪ್ರಜಾಸತ್ತೆಯ ಉತ್ತಮ ಮಾದರಿ. ಆದರೆ ದಕ್ಷಿಣದಲ್ಲಿ ಕರಿಯರಿಗೆ ಆ ಸಮಿತಿಗಳಲ್ಲಿ ಸ್ಥಾನ ಸಿಗುತ್ತಿದ್ದುದು ಅಪರೂಪ. ಸಾಲ, ಸಹಾಯಧನಗಳಲ್ಲಿ ಭೇದ ಮಾಡಿದರೆಂದು ಕರಿಯ ಒಕ್ಕಲಿಗರು ಹೂಡಿದ ‘ಪಿಗ್‌ಫರ್ಡ್’ ಮೊಕದ್ದಮೆಯು 1999ರಲ್ಲಿ ರಾಜಿಯಾಯಿತು. ಒಂದು ನೂರು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕಾಯಿತು. 2010ರಲ್ಲಿ ಮತ್ತೆ 125 ಕೋಟಿ ಡಾಲರಿನ ಎರಡನೆಯ ರಾಜಿ. 1920ರಲ್ಲಿ ಒಂಬತ್ತು ಲಕ್ಷಕ್ಕೂ ಮಿಕ್ಕಿದ್ದ ಕರಿಯ ಒಕ್ಕಲಿಗರು 2017ರ ಗಣತಿಯ ವೇಳೆಗೆ ಐವತ್ತು ಸಾವಿರಕ್ಕಿಂತ ಕಡಿಮೆ. ಇದಕ್ಕೆಲ್ಲ ಸಮಿತಿಯೊಂದೇ ಕಾರಣವೆನ್ನಲಾಗದು. ಆದರೂ ಪರಿಹಾರ ಬಂದಾಗ ಅದನ್ನು ಪಡೆಯಬೇಕಾದವರಲ್ಲಿ ಎಷ್ಟೋ ಜನ ನೆಲ ಬಿಟ್ಟಾಗಿತ್ತು.

ಈಗಿನ ಪದ್ಧತಿ ಬೇರೆ. ಪ್ರತಿ ಹೊಲಕ್ಕೂ ಹಿಂದಿನ ಬಿತ್ತನೆಯ ದಾಖಲೆಯಿಂದ ಗೊತ್ತುಮಾಡಿದ ‘ಮೂಲ ಎಕರೆ’ ಎಂಬುದೊಂದುಂಟು. ಬತ್ತಕ್ಕೆ ಶಾಸನವು ಒಂದು ಆಧಾರ ಬೆಲೆ ನಿಗದಿ ಮಾಡಿರುತ್ತದೆ. ನೂರು ಪೌಂಡಿಗೆ, ಎಂದರೆ ನಮ್ಮ ಸುಮಾರು ನಲವತ್ತೈದು ಕಿಲೊಗೆ, 14 ಡಾಲರು ಇದ್ದದ್ದನ್ನು 2025ರ ಕಾಯಿದೆ 16.90ಕ್ಕೆ ಏರಿಸಿತು. ಪೇಟೆಯ ಬೆಲೆ 14.90 ಆಯಿತೆನ್ನೋಣ, ಎರಡು ಡಾಲರು ಕೊರತೆ. ನೂರು ಮೂಲ ಎಕರೆಯಲ್ಲಿ ನೂರಕ್ಕೆ 85ರಷ್ಟನ್ನು ಹಿಡಿದು, ಎಕರೆಗೆ ಐವತ್ತು ನೂರು-ಪೌಂಡಿನಂತೆ ಗುಣಿಸಿದರೆ 8,500 ಡಾಲರು. ಆ ವರ್ಷ ಅಲ್ಲಿ ಬತ್ತವನ್ನೇ ಬಿತ್ತಿರಬೇಕೆಂಬ ನಿಯಮವಿಲ್ಲ. ಹಣವು ಬೆಳೆಗೆ ಅಂಟಿದ್ದಲ್ಲ, ನೆಲಕ್ಕೆ ಅಂಟಿದ್ದು. ಇದೇ ತತ್ತ್ವದ ಹಿಂದಿನ ರೂಪದಲ್ಲಿ, ಬೆಲೆ ಏನೇ ಇರಲಿ, ಮೂಲ ಎಕರೆಗೆ ವರ್ಷವರ್ಷವೂ ಹಣ ಬರುತ್ತಿತ್ತು. ಟೆಕ್ಸಸಿನ ಎಲ್ ಕ್ಯಾಂಪೊ ಎಂಬ ಊರಿನ ಬಳಿ ಹಳೆಯ ಬತ್ತದ ಗದ್ದೆಗಳಲ್ಲಿ ಮನೆ ಕಟ್ಟಿಸಿಕೊಂಡವರಿಗೆ ಮನೆಯ ಹಿತ್ತಲಿಗೂ ಸಹಾಯಧನ ಬರುತ್ತಿತ್ತೆಂದು 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಪ್ರಕಟಿಸಿತು. ಒಕ್ಕಲುತನವನ್ನೇ ಮಾಡದವರಿಗೆ 2000ದಿಂದೀಚೆಗೆ ಕನಿಷ್ಠ 130 ಕೋಟಿ ಡಾಲರು ಸಂದಿತ್ತೆಂದು ಅದರ ಲೆಕ್ಕ. ಆ ನೇರ ಪಾವತಿಯನ್ನು 2014ರ ಕಾಯಿದೆ ನಿಲ್ಲಿಸಿತು.

ಅಮೇರಿಕೆಯ ಹೊಲಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಎಕರೆ ಇಂದಿಗೂ ಗೇಣಿಯವು. ಹಣದ ಗೇಣಿಯಾದರೆ ಸಹಾಯಧನ ಉಳುವವನಿಗೆ, ಪಾಲಿನ ಗೇಣಿಯಾದರೆ ಇಬ್ಬರಿಗೂ ಎಂಬುದು ನಿಯಮ. ಆದರೆ ಹಣ ಬರುವುದನ್ನು ಒಡೆಯನೂ ಬಲ್ಲನಷ್ಟೆ. ಮರುವರ್ಷ ಗೇಣಿ ಏರಿಸುತ್ತಾನೆ. ಡಾಲರಿಗೆ ಸುಮಾರು 25 ಸೆಂಟು ಹೀಗೆ ಒಡೆಯನ ಕಡೆ ಸರಿಯುತ್ತದೆಂದು ಬ್ಯಾರೆಟ್ ಕಿರ್ವನ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ತೋರಿಸಿದರು. ಪೂರ್ತಿ ಡಾಲರೇ ಸರಿಯಬೇಕೆಂದು ಹೇಳುವ ರಿಕಾರ್ಡೊ ಸಿದ್ಧಾಂತವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನಮಗೆ ಇದು ಸಮಾಧಾನದ ಸುದ್ದಿಯೇ. ಉಳುವವನ ಹೆಸರು ಕಾಗದದಲ್ಲಿದ್ದರೆ ಮುಕ್ಕಾಲು ಪಾಲಾದರೂ ಅವನಿಗೆ ನಿಲ್ಲುತ್ತದೆಂದಾಯಿತು.

ಪಾಯಿನ್ಸೆಟ್ ಕೌಂಟಿಯನ್ನು ನಾನು ಏಕೆ ಆರಿಸಿಕೊಂಡೆನೆಂದು ಕೆಲವು ಮಿತ್ರರು ಕೇಳಿದ್ದಾರೆ. ನಮ್ಮ ಅಪ್ಪ ಲಾವಣಿಗೆ ಹೊಲ ಮಾಡುತ್ತಾರೆ. ಯುಗಾದಿಗೆ ಮುಂಗಡ ಹಣ ಕೊಟ್ಟು, ಮುಂದಿನ ಯುಗಾದಿಯವರೆಗೆ ಹೊಲ ನಮ್ಮದು. ಎಲ್ಲವೂ ಬಾಯಿಮಾತಿನ ಮೇಲೆ. ಕರ್ನಾಟಕದಲ್ಲಿ ಗೇಣಿ ಪದ್ಧತಿಯೇ 1974ರ ಮಾರ್ಚ್ 1ರಿಂದ ರದ್ದಾಗಿದೆ. ದೇವರಾಜ ಅರಸರ ಕಾಲದ ಆ ತಿದ್ದುಪಡಿಯಿಂದ, ಏಳನೆಯ ನಮೂನೆಯ ಅರ್ಜಿ ಕೊಟ್ಟ ಎಷ್ಟೋ ಗೇಣಿದಾರರು ಒಡೆಯರಾದರು. ಅದು ದೊಡ್ಡ ಕಾರ್ಯ. ನಮ್ಮ ಅಜ್ಜ ಆಗ ಗೇಣಿದಾರರಲ್ಲ, ಸಂಬಳದಾಳು. ಆದ್ದರಿಂದ ಅವರು ಅರ್ಜಿ ಕೊಡುವಂತಿರಲಿಲ್ಲ. ಗೇಣಿ ಕಾನೂನಿನಲ್ಲಿ ಇಲ್ಲವಾದ ಮೇಲೆ ಇಂದು ಲಾವಣಿ ಮಾಡುವವನೂ ಕಾಗದದಲ್ಲಿ ಇಲ್ಲ. ಒಬ್ಬನ ಕೈಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಹೊಲ ಬಿಟ್ಟರೆ ಹಕ್ಕು ಸಾಧಿಸಿಯಾನೆಂದು ಒಡೆಯರು ಹೊಲ ಬದಲಿಸುತ್ತಾರೆ. ಹೊಲಕ್ಕೆ ಗೊಬ್ಬರ ಹಾಕಿ ಹದಕ್ಕೆ ತರುವಷ್ಟರಲ್ಲಿ ಬೇರೆಯವರ ಗಳೆ ಅದರಲ್ಲಿರುತ್ತದೆ.

2019ರಲ್ಲಿ ಬಂದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ 6,000 ರೂ. ಭೂಮಿ ತಮ್ಮ ಹೆಸರಿಗಿರುವ ಕುಟುಂಬಗಳಿಗೆ. 2023ರ ಬರದಲ್ಲಿ ನಮ್ಮ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು. ಅಪ್ಪ ಬಿತ್ತಿದ ಹೊಲ ಒಣಗಿತು. ಬೀಜ, ಗೊಬ್ಬರ, ಲಾವಣಿ ಮೂರೂ ಅವರ ಕೈಯಿಂದ ಹೋದವು. 2024ರ ಆರಂಭದಲ್ಲಿ ಮೊದಲ ಕಂತಿನ 2,000 ರೂ. ವರೆಗಿನ ಪರಿಹಾರ ಉತಾರದಲ್ಲಿ ಹೆಸರಿದ್ದವರ ಖಾತೆಗೆ ಜಮೆಯಾಯಿತು. ಹೊಲದೊಡೆಯರು ಪಟ್ಟಣದಲ್ಲಿ ಸಣ್ಣ ಅಂಗಡಿ ಇಟ್ಟಿರುವ ಸಜ್ಜನರು. ಯಾರೂ ಕೇಳದಿದ್ದರೂ ಅಪ್ಪನನ್ನು ಕರೆಸಿ ಒಂದು ಸಾವಿರ ಕೊಟ್ಟರು. ಅಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡು, “ಸಾವಕಾರ್ರು ದೊಡ್ಡ ಮನಸಿನವ್ರು” ಎಂದು ಮನೆಯಲ್ಲಿ ಹೇಳಿದರು. ಇದರಲ್ಲಿ ಒಡೆಯರ ದೋಷ ಎಳ್ಳಷ್ಟೂ ಇಲ್ಲ. ಆದರೆ ಬೆಳೆ ಕಳೆದುಕೊಂಡವನು ಬೆಳೆಯ ಪರಿಹಾರಕ್ಕಾಗಿ ಕೃತಜ್ಞನಾಗಿರಬೇಕಾದ ಈ ಏರ್ಪಾಟನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಬೇರೆ ರಾಜ್ಯಗಳು ಕೆಲವು ಪ್ರಯತ್ನ ಮಾಡಿವೆ. ತೆಲಂಗಾಣದ 2018ರ ರೈತಬಂಧು ಯೋಜನೆ ಎಕರೆಗಿಷ್ಟೆಂದು ಪಟ್ಟೆದಾರನಿಗೇ ಕೊಟ್ಟಿತು, ಕೌಲುದಾರನನ್ನು ಬಿಟ್ಟಿತು. ಒಡಿಶಾದ ಕಾಲಿಯಾ ಯೋಜನೆ ಪಾಲುಗಾರರನ್ನೂ ಭೂಹೀನರನ್ನೂ ಸೇರಿಸಿಕೊಂಡಿತು. ಆಂಧ್ರವು 2019ರ ಕಾಯಿದೆಯಿಂದ ಕೌಲುದಾರರಿಗೆ ಹನ್ನೊಂದು ತಿಂಗಳ ಸಾಗುವಳಿ ಕಾರ್ಡು ಕೊಡಹೊರಟಿತು. ಆದರೆ ಒಪ್ಪಂದಕ್ಕೆ ಒಡೆಯನ ಸಹಿ ಬೇಕೆಂದಿತು. ಸಹಿ ಮಾಡಿದರೆ ನೆಲ ಹೋದೀತೆಂದು ಹೆದರುವವನು ಸಹಿ ಮಾಡುವುದೆಂತು?

ನಮ್ಮ ಉತಾರದಲ್ಲಿ ಒಡೆಯರ ಹೆಸರಿಗೆ ಒಂದು ಅಂಕಣವಿದೆ, ಸಾಗುವಳಿದಾರರ ಹೆಸರಿಗೆ ಬೇರೆಯೇ ಒಂದು ಅಂಕಣವಿದೆ. ನಾನು ನೋಡಿದ ನಮ್ಮೂರ ಉತಾರಗಳಲ್ಲಿ ಆ ಎರಡನೆಯ ಅಂಕಣದಲ್ಲಿ ‘ಸ್ವಂತ’ ಎಂದೇ ಇದೆ. ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆಯವರು ಮೊಬೈಲು ಹಿಡಿದು ಹೊಲಹೊಲಕ್ಕೆ ಬಂದು ಬೆಳೆಯ ಚಿತ್ರ ತೆಗೆಯುತ್ತಾರೆ. ಇದನ್ನು ಬಿತ್ತಿದವರು ಯಾರೆಂದು ಅದೇ ವೇಳೆ ಕೇಳಿ ಬರೆದುಕೊಳ್ಳುವುದು ಕಷ್ಟವಲ್ಲ. ಆದರೆ ಅಷ್ಟನ್ನೇ ಮಾಡಿದರೆ ಮಿಸೌರಿಯ ಹೆದ್ದಾರಿಯಲ್ಲಿ ಆದದ್ದೇ ಇಲ್ಲೂ ಆದೀತು. ಹೆಸರು ಬರೆಸಿಕೊಂಡವನಿಗೆ ಮರುವರ್ಷ ಹೊಲ ಸಿಗಲಿಕ್ಕಿಲ್ಲ. ಒಡೆಯನಿಗೆ ನೆಲ ಹೋಗದೆಂಬ ಭರವಸೆಯನ್ನೂ ಲಾವಣಿಯವನಿಗೆ ಸಾಲ, ವಿಮೆ, ಪರಿಹಾರಗಳನ್ನೂ ಒಂದೇ ಕಾನೂನಿನಲ್ಲಿ ಕೊಡಬೇಕು. ನೀತಿ ಆಯೋಗಕ್ಕಾಗಿ ಟಿ. ಹಕ್ ಸಮಿತಿಯು 2016ರಲ್ಲಿ ಸಿದ್ಧಪಡಿಸಿದ ಮಾದರಿ ಭೂ ಗುತ್ತಿಗೆ ಕಾಯಿದೆ ಈ ಎರಡನ್ನೂ ಕೂಡಿಸಿಯೇ ಹೇಳುತ್ತದೆ. 1974ರ ಕಾಯಿದೆಯ ಮೇಲೆ ನನಗಿರುವ ಗೌರವವನ್ನು ಕಡಿಮೆ ಮಾಡಿಕೊಳ್ಳದೆಯೇ ನಾನು ಇದರ ಪಕ್ಷ ವಹಿಸುತ್ತೇನೆ. ಭಿನ್ನಾಭಿಪ್ರಾಯವುಳ್ಳ ಮಿತ್ರರೂ ಅಧ್ಯಾಪಕರೂ ಮುಂದಿನ ಸಂಚಿಕೆಯಲ್ಲಿ ಬರೆದರೆ ಚರ್ಚೆ ಬೆಳೆದೀತು.